ಎಲೆಯ ಫೋಟೋ ನೋಡಿ ಅದು ಪಾಲೆ ಮರವೇ ಎಂದು ಮೊಬೈಲ್ ಹೇಳಬಲ್ಲದೇ?

ಕಾಸರಗೋಡು ಜಿಲ್ಲೆಯ ಪೆರ್ಲದ ಅಜ್ಜನ ಮನೆಗೆ ಬಂದಿರುವ ನೀವು ಎರಡು ವಿಷಯ ಕೇಳಿದ್ದೀರಿ. ಎಲೆಯ ಫೋಟೋದಿಂದ ಕಂಪ್ಯೂಟರ್ ಗಿಡದ ಹೆಸರು ಹೇಗೆ ಹಿಡಿಯುತ್ತದೆ? ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯಿಂದ (ತೊಗಟೆಯಿಂದ) ಕಷಾಯ ಮಾಡಿ ಕುಡಿಯುತ್ತಾರಲ್ಲ, ಅದಕ್ಕೆ ಮರ ಹುಡುಕಲು ಮೊಬೈಲನ್ನು ನಂಬಬಹುದೇ? ಎರಡನೆಯದು ಜೀವದ ಪ್ರಶ್ನೆ, ಅದಕ್ಕೇ ಮೊದಲು ಉತ್ತರಿಸುತ್ತೇನೆ: ಒಂದೇ ಒಂದು ಎಲೆಯ ಫೋಟೋ ನಂಬಿ ಯಾವ ಮರದ ಕೆತ್ತೆಯನ್ನೂ ಕುದಿಸಿ ಕುಡಿಯಬೇಡಿ.

ನಾನು ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ಮಳೆಗಾಲ ಮಕ್ಕಳನ್ನು ಕಟ್ಟಿಕೊಂಡು ಗುಡ್ಡೆಯ ಎಲೆಗಳ ಫೋಟೋ ತೆಗೆದು ಹೆಸರು ಹುಡುಕಿದ್ದೇನೆ. ಒಮ್ಮೆ ಎಂಟನೆಯ ತರಗತಿಯ ಹುಡುಗಿ ಮಿರಮಿರ ಹೊಳೆಯುವ ಎಲೆಯೊಂದನ್ನು ತಂದಳು. ಬಿಳಿ ಹಾಳೆಯ ಮೇಲಿಟ್ಟು ಫೋಟೋ ಹೊಡೆದೆವು. ಮೊಬೈಲಿನಲ್ಲಿ ಬಂದ ಮೊದಲ ಹೆಸರು ಕಾಡು ದಾಲ್ಚಿನ್ನಿ. ಬುಡದಿಂದಲೇ ಹೊರಟು ತುದಿಯ ಕಡೆ ಓಡುವ ಮೂರು ನರ, ಹಲ್ಲಿಲ್ಲದ ಅಂಚು. ಹೌದು ಅನ್ನಿಸುವ ಹಾಗೆಯೇ ಇತ್ತು. ಎಲೆ ಹರಿದು ಬೆರಳಲ್ಲಿ ಹೊಸಕಿ ಅವಳ ಮೂಗಿನ ಹತ್ತಿರ ಹಿಡಿದೆ. "ಪರಿಮಳವೇ ಇಲ್ಲ ಟೀಚರ್" ಅಂದಳು. ದಾಲ್ಚಿನ್ನಿಯಾಗಿದ್ದರೆ ಕೈಯೆಲ್ಲ ಘಮ್ಮೆನ್ನಬೇಕಿತ್ತು. ಅದು ಕಾಸರಕ. ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಞ್ಞಿರಂ, ಸ್ಟ್ರಿಕ್ನೀನ್ ಎಂಬ ವಿಷ ತುಂಬಿದ ಮರ. ಕಾಸರಗೋಡಿಗೆ ಆ ಹೆಸರು ಬಂದದ್ದೇ ಇದರಿಂದ ಎನ್ನುತ್ತಾರೆ. ಇಬ್ಬರೂ ಸೋಪು ಹಾಕಿ ಕೈ ತೊಳೆದೆವು.

ಕಂಪ್ಯೂಟರಿಗೆ ಸಿಗುವುದು ಚಿತ್ರ ಮಾತ್ರ. ಮೊದಮೊದಲು ಎಲೆಯನ್ನು ಬಿಳಿ ಹಿನ್ನೆಲೆಯಿಂದ ಬೇರ್ಪಡಿಸಿ, ಅಂಚಿನ ಗೆರೆ ಹಿಡಿದು, ಉದ್ದ ಅಗಲ, ಸುತ್ತಳತೆ, ನರಗಳ ಪ್ರಮಾಣ ಇವನ್ನೆಲ್ಲ ಲೆಕ್ಕ ಹಾಕುತ್ತಿದ್ದರು. 2007ರಲ್ಲಿ ಚೀನಾದ ಸಂಶೋಧಕರು ಮಾಡಿದ ಫ್ಲೇವಿಯಾ ಎಂಬ ಸಂಗ್ರಹ ಈ ಕ್ಷೇತ್ರದಲ್ಲಿ ಬಹಳ ಪ್ರಸಿದ್ಧ: 32 ಜಾತಿಯ ಗಿಡ, 1,907 ಎಲೆಗಳ ಚಿತ್ರ, ಒಂದೊಂದು ಎಲೆಗೂ 12 ಲಕ್ಷಣ. ನಡುನರದ ಎರಡು ತುದಿಗಳನ್ನು ಮನುಷ್ಯನೇ ಮೌಸಿನಿಂದ ಗುರುತು ಮಾಡಿಕೊಡಬೇಕಿತ್ತು. ನೂರಕ್ಕೆ 90ಕ್ಕಿಂತ ಹೆಚ್ಚು ಸಲ ಹೆಸರು ಸರಿಯಾಗಿ ಬರುತ್ತಿತ್ತು. ಈಗಿನ ನ್ಯೂರಲ್ ನೆಟ್‌ವರ್ಕ್‌ಗಳಿಗೆ, ಅಂದರೆ ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂಗಳಿಗೆ, ಲಕ್ಷಣಗಳನ್ನು ಯಾರೂ ಹೇಳಿಕೊಡುವುದಿಲ್ಲ. ಹೆಸರು ಬರೆದಿಟ್ಟ ರಾಶಿ ರಾಶಿ ಫೋಟೋ ನೋಡಿ ತಾವೇ ಕಲಿಯುತ್ತವೆ. ಹಾಗಾಗಿ ಯಾವ ಊರಿನ ಫೋಟೋ ಹೆಚ್ಚು ನೋಡಿವೆಯೋ ಆ ಊರಿನ ಗಿಡ ಚೆನ್ನಾಗಿ ಗೊತ್ತಿರುತ್ತದೆ. ಎಲೆ ಗುರುತಿಸುವ ಮೊಬೈಲ್ ಆ್ಯಪ್‌ಗಳಲ್ಲಿ 2011ರ ಲೀಫ್‌ಸ್ನ್ಯಾಪ್ ಅಮೆರಿಕದ ಈಶಾನ್ಯ ಭಾಗದ ಮರಗಳಿಗೆಂದು ಹುಟ್ಟಿದ್ದು. ಇನ್ನೊಂದು ಆ್ಯಪ್ ಪ್ಲಾಂಟ್‌ನೆಟ್ ಶುರುವಾದದ್ದು ಫ್ರಾನ್ಸಿನಲ್ಲಿ.

ಹೆಸರಿನ ಪಕ್ಕ ಬರುವ ಶೇಕಡಾವನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಿ. ತನಗೆ ಗೊತ್ತಿರುವ ಗಿಡಗಳ ಪೈಕಿ ಯಾವುದಕ್ಕೆ ಹೆಚ್ಚು ಹೋಲುತ್ತದೆ ಎಂಬುದಷ್ಟೇ ಅದರ ಅರ್ಥ. ನಿಮ್ಮ ಗುಡ್ಡೆಯ ಗಿಡವನ್ನು ಅದು ಕಂಡೇ ಇಲ್ಲದಿದ್ದರೂ ಸಾಮಾನ್ಯವಾಗಿ ಯಾವುದೋ ಒಂದು ಹೆಸರು ಬರುತ್ತದೆ.

ಇನ್ನು ಪಾಲೆ. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುವುದು ನಮ್ಮಲ್ಲಿ ರೂಢಿ. ಆ ಕತ್ತಲಲ್ಲಿ ಪಾಲೆಯೆಂದು ಕಾಯೆರಿನ ಕೆತ್ತೆ ತಂದರೆ ಗತಿಯೇನು ಎಂದು ಹಿರಿಯರು ಹೆದರುವುದು ಸುಮ್ಮನೆ ಅಲ್ಲ. ಹಗಲಲ್ಲಿ ಎಲೆ ನೋಡಿದರೆ ಎರಡಕ್ಕೂ ಅಜಗಜಾಂತರ. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಸಾಮಾನ್ಯವಾಗಿ 5ರಿಂದ 7 ಎಲೆ ಕೊಡೆ ಬಿಡಿಸಿದಂತೆ ನಿಂತಿರುತ್ತವೆ. ಸಂಸ್ಕೃತದಲ್ಲಿ ಸಪ್ತಪರ್ಣ, ಮಲಯಾಳದಲ್ಲಿ ಏಳಿಲಂಪಾಲ ಎನ್ನುವುದು ಅದಕ್ಕೇ. ಒಂದೊಂದು ಎಲೆಯಲ್ಲೂ ನಡುನರದಿಂದ ಅಂಚಿಗೆ ಒತ್ತೊತ್ತಾಗಿ ಅಡ್ಡನರಗಳು. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡೇ, ಪಾಲೆಯಂತೆ ಹಾಲೂ ಒಸರುವುದಿಲ್ಲ. ಹಾಗೆಂದು ಹಾಲು ಬಂತು, ಪಾಲೆಯೇ ಎಂದು ತೀರ್ಮಾನಿಸಬೇಡಿ. ಹಿನ್ನೀರಿನ ಅಂಚಿನ ಒತಳಂ ಮರದಲ್ಲೂ ಹಾಲಿದೆ, ಕೊಂಬೆಯ ತುದಿಯಲ್ಲಿ ಎಲೆಗಳ ಗುಂಪೂ ಇದೆ, ಅದರ ಬೀಜ ಕೊಲ್ಲುವ ವಿಷ. ಅಲ್ಲಿ ಎಲೆಗಳು ಒಂದೇ ಗೆಣ್ಣಿನಿಂದಲ್ಲ, ಒಂದರ ಮೇಲೊಂದು ಸುರುಳಿಯಾಗಿ ಹೊರಡುತ್ತವೆ.

ಬಿಡಿ ಎಲೆ ಕಿತ್ತು ಫೋಟೋ ತೆಗೆದರೆ ಮುಖ್ಯವಾದ ಈ ಗುರುತೇ ಹೋಯಿತು ನೋಡಿ! ಆದ್ದರಿಂದ ಕೊಂಬೆಯಲ್ಲಿದ್ದ ಹಾಗೆಯೇ ಒಂದು ಫೋಟೋ, ಎಲೆಯ ಅಡಿಭಾಗದ್ದೊಂದು, ಕಾಂಡದ್ದೊಂದು, ಹೂವೋ ಕಾಯಿಯೋ ಇದ್ದರೆ ಅದರದ್ದೂ ಒಂದು ತೆಗೆಯಿರಿ. ಬಿಸಿಲು ನೇರ ಬೀಳುವಾಗ ಬೇಡ, ನಯವಾದ ಎಲೆಯ ಮೇಲೆ ಬೆಳಕು ಹೊಳೆದು ನರಗಳೇ ಕಾಣುವುದಿಲ್ಲ. ಮೋಡದ ಹಗಲು ಒಳ್ಳೆಯದು. ಮೊಬೈಲ್ ಕೊಟ್ಟ ಮೊದಲ ನಾಲ್ಕೈದು ಹೆಸರುಗಳನ್ನು ಬರೆದುಕೊಂಡು ಅಜ್ಜನನ್ನೋ ಊರಲ್ಲಿ ಮದ್ದು ಬಲ್ಲವರನ್ನೋ ಮರದ ಬುಡಕ್ಕೇ ಕರೆದುಕೊಂಡು ಹೋಗಿ ಕೇಳಿ. ಅವರು ಹೌದೆಂದರೆ ಹಿಂದಿನ ದಿನ ಹಗಲಲ್ಲೇ ಕಾಂಡಕ್ಕೆ ಬಾಳೆನಾರು ಸುತ್ತಿ ಬನ್ನಿ. ನಮ್ಮ ಮಾವ ಪ್ರತಿ ವರ್ಷ ಹಾಗೆಯೇ ಮಾಡುತ್ತಿದ್ದರು. ನಸುಕಿನಲ್ಲಿ ಕೈಗೆ ನಾರು ಸಿಗದಿದ್ದರೆ ಬರಿಗೈಯಲ್ಲಿ ವಾಪಸಾಗುತ್ತಿದ್ದರು.