ಪದರ ದಪ್ಪ ಮಾಡಿದರೆ ಓಎಲ್‌ಇಡಿ ಬಣ್ಣ ಯಾಕೆ ಬದಲಾಗುತ್ತದೆ? ಚಾರ್ಜ್ ಕಾರಣವಾ, ಇಂಟರ್‌ಫೆರೆನ್ಸ್ ಕಾರಣವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಂಎಸ್‌ಸಿ ಪ್ರಾಜೆಕ್ಟ್‌ಗೆ ಗಾಜಿನ ಮೇಲೆ ಐಟಿಓ (ಪಾರದರ್ಶಕ ಆನೋಡ್), ಎನ್‌ಪಿಬಿ (ಧನ ಚಾರ್ಜ್ ಸಾಗಿಸುವ ಸಾವಯವ ಪದರ), ಆಲ್‌ಕ್ಯೂ3 (ಎಲೆಕ್ಟ್ರಾನ್ ಸಾಗಿಸುವ, ಹಸಿರು ಬೆಳಕು ಕೊಡುವ ಸಾವಯವ ಪದರ), ಕೊನೆಗೆ ಅಲ್ಯೂಮಿನಿಯಂ ಹಾಕಿ ಓಎಲ್‌ಇಡಿ, ಅಂದರೆ ಕರೆಂಟ್ ಹರಿಸಿದರೆ ಬೆಳಗುವ ಸಾವಯವ ಪದರಗಳ ಡಯೋಡ್, ಮಾಡಿದ್ದೀರಿ. ಆಲ್‌ಕ್ಯೂ3 ಪದರವನ್ನು 60 ನ್ಯಾನೋಮೀಟರ್‌ನಿಂದ 120ಕ್ಕೆ ಏರಿಸಿದ ಮೇಲೆ ಬೆಳಕು ಕುಗ್ಗಿತು, ಹಸಿರು ಹಳದಿ ಕಡೆಗೆ ವಾಲಿತು. ಗೈಡ್ ‘ಚಾರ್ಜ್ ಬ್ಯಾಲೆನ್ಸ್ ಹೋಗಿದೆ’ ಅಂದರು, ಅಂದರೆ ಧನ ಮತ್ತು ಋಣ ಚಾರ್ಜ್‌ಗಳ ಪ್ರಮಾಣ ಹೊಂದುತ್ತಿಲ್ಲ ಅಂತ. ಅದು ಸರಿಯಾ?

ಅರ್ಧ ಸರಿ. ಬಣ್ಣದ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಈ ಡಿವೈಸ್‌ನಲ್ಲಿ ಬೆಳಕು ಆಲ್‌ಕ್ಯೂ3ಯ ಇಡೀ ದಪ್ಪದಲ್ಲಿ ಹುಟ್ಟುವುದಿಲ್ಲ. ಎನ್‌ಪಿಬಿಯಲ್ಲಿ ಹೋಲ್‌ಗಳು (ಧನ ಚಾರ್ಜ್‌ಗಳು) ಸರಾಗವಾಗಿ ಬರುತ್ತವೆ, ಆದರೆ ಆಲ್‌ಕ್ಯೂ3 ಒಳಗೆ ಕಾಲಿಟ್ಟರೆ ಅವು ಹೆಚ್ಚು ದೂರ ಹೋಗಲಾರವು. ಹಾಗಾಗಿ ಗಡಿಯಲ್ಲೇ ಗುಂಪುಗೂಡಿ ಆ ಕಡೆಯಿಂದ ನಿಧಾನವಾಗಿ ಬರುವ ಎಲೆಕ್ಟ್ರಾನ್‌ಗಳಿಗೆ ಕಾಯುತ್ತವೆ. ಎರಡೂ ಕೂಡಿ ಬೆಳಕಾಗುವುದು ಗಡಿಯಿಂದ ಸುಮಾರು 10–20 ನ್ಯಾನೋಮೀಟರ್ ಒಳಗೆ. 1989ರಲ್ಲಿ ಕೊಡಾಕ್‌ನ ಟ್ಯಾಂಗ್, ವ್ಯಾನ್‌ಸ್ಲೈಕ್ ಮತ್ತು ಚೆನ್ ತೆಳು ಪದರದಲ್ಲಿ ಬೇರೆ ಬಣ್ಣದ ಡೈ ಬೆರೆಸಿ, ಅದನ್ನು ಬೇರೆ ಬೇರೆ ಜಾಗದಲ್ಲಿಟ್ಟು ಈ ವಲಯ ಎಲ್ಲಿದೆ ಅಂತ ಪತ್ತೆ ಮಾಡಿದ್ದರು. ನೀವು ಆಲ್‌ಕ್ಯೂ3 ದಪ್ಪ ಮಾಡಿದಾಗ ಈ ವಲಯ ಎನ್‌ಪಿಬಿ ಪಕ್ಕದಲ್ಲೇ ಉಳಿಯುತ್ತದೆ. ಬದಲಾಗುವುದು ಅದಕ್ಕೂ ಅಲ್ಯೂಮಿನಿಯಂಗೂ ನಡುವಿನ ದೂರ.

ಅಲ್ಯೂಮಿನಿಯಂ ಇಲ್ಲಿ ಕ್ಯಾಥೋಡ್ ಮಾತ್ರ ಅಲ್ಲ, ಕನ್ನಡಿ ಕೂಡ. ಹಿಂದಕ್ಕೆ ಹೋದ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು, ನೇರವಾಗಿ ಗಾಜಿನ ಕಡೆ ಹೊರಟ ಬೆಳಕಿನ ಜೊತೆ ಸೇರುತ್ತದೆ. ಇದೇ ಇಂಟರ್‌ಫೆರೆನ್ಸ್. ಎರಡರ ಫೇಸ್ (ತರಂಗದ ಏರಿಳಿತ) ಹೊಂದಿದರೆ ಜಾಸ್ತಿ ಬೆಳಕು, ಹೊಂದದಿದ್ದರೆ ಕಡಿಮೆ. ಲೆಕ್ಕ ಸುಲಭ. ಆಲ್‌ಕ್ಯೂ3ಯ ರಿಫ್ರಾಕ್ಟಿವ್ ಇಂಡೆಕ್ಸ್ (ವಕ್ರೀಭವನ ಸೂಚ್ಯಂಕ) ಸುಮಾರು 1.7, ತರಂಗಾಂತರ 530 ನ್ಯಾನೋಮೀಟರ್ ಅಂದುಕೊಂಡರೆ ಕಾಲು ತರಂಗದ ದೂರ 78 ನ್ಯಾನೋಮೀಟರ್. ಬೆಳಕು ಲೋಹದೊಳಗೆ ಸ್ವಲ್ಪ ನುಗ್ಗುವುದರಿಂದ ನಿಜವಾದ ಒಳ್ಳೆಯ ದೂರ ಇನ್ನೂ ಕೊಂಚ ಕಡಿಮೆ. ಅಂದರೆ ನಿಮ್ಮ 60 ಹೆಚ್ಚುಕಡಿಮೆ ಸರಿಯಾದ ಜಾಗದಲ್ಲೇ ಇತ್ತು (1987ರ ಟ್ಯಾಂಗ್–ವ್ಯಾನ್‌ಸ್ಲೈಕ್ ಡಿವೈಸ್‌ನಲ್ಲೂ ಆಲ್‌ಕ್ಯೂ3 ಸುಮಾರು 60 ನ್ಯಾನೋಮೀಟರ್). 120ಕ್ಕೆ ಹೋದಾಗ ಹಸಿರಿನ ಫೇಸ್ ತಪ್ಪುತ್ತಾ ಬರುತ್ತದೆ, ಉದ್ದ ತರಂಗಗಳಿಗೆ ಅಷ್ಟು ಏಟು ಬೀಳುವುದಿಲ್ಲ. ಆಲ್‌ಕ್ಯೂ3ಯ ಸ್ಪೆಕ್ಟ್ರಮ್ ಅಗಲವಾಗಿರುವುದರಿಂದ ಅದರ ಹಳದಿ-ಕೆಂಪು ಬಾಲ ಎದ್ದು ಕಾಣುತ್ತದೆ. ಅದೇ ನಿಮ್ಮ ಬಣ್ಣ. ಹಾಗಂತ ಪದರವನ್ನು ತೀರಾ ತೆಳುವಾಗಿ ಮಾಡಲೂ ಬೇಡಿ, ಲೋಹಕ್ಕೆ 20–30 ನ್ಯಾನೋಮೀಟರ್ ಹತ್ತಿರ ಬಂದರೆ ಶಕ್ತಿಯ ದೊಡ್ಡ ಪಾಲು ಸರ್ಫೇಸ್ ಪ್ಲಾಸ್ಮಾನ್‌ಗಳಿಗೆ (ಲೋಹದ ಮೇಲ್ಮೈಯ ಎಲೆಕ್ಟ್ರಾನ್ ಅಲೆಗಳಿಗೆ) ಸೇರಿ ಹಾಳಾಗುತ್ತದೆ.

ಕರೆಂಟೇ ಇಲ್ಲದೆ ಕನ್ನಡಿ ಇಷ್ಟೆಲ್ಲ ಮಾಡುತ್ತದಾ ಅಂತ ಅನುಮಾನ ಇದ್ದರೆ ಡ್ರೆಕ್ಸ್‌ಹೇಜ್ ಎಂಬ ವಿಜ್ಞಾನಿ 1970ರ ಸುಮಾರಿಗೆ ಮಾಡಿದ ಪ್ರಯೋಗ ನೋಡಿ. ಕನ್ನಡಿಯಿಂದ ಬೇರೆ ಬೇರೆ ದೂರದಲ್ಲಿ ಯುರೋಪಿಯಂ ಅಣುಗಳನ್ನಿಟ್ಟಾಗ ಅವು ಬೆಳಗುವ ಕಾಲಾವಧಿಯೇ ಏರಿಳಿಯಿತು. ಅಲ್ಲಿ ವೋಲ್ಟೇಜೂ ಇಲ್ಲ, ಹೋಲೂ ಇಲ್ಲ.

ಇನ್ನು ಗೈಡ್ ಹೇಳಿದ ಅರ್ಧ. ಟ್ರ್ಯಾಪ್ (ಚಾರ್ಜ್ ಸಿಕ್ಕಿಬೀಳುವ ಜಾಗ) ಇಲ್ಲದ ಪದರದಲ್ಲಿ ಸ್ಪೇಸ್ ಚಾರ್ಜ್ ಮಿತಿಯ ಕರೆಂಟ್, ಅಂದರೆ ಒಳಗೆ ತುಂಬಿದ ಚಾರ್ಜೇ ತಡೆಯುವ ಕರೆಂಟ್, ವೋಲ್ಟೇಜ್‌ನ ವರ್ಗಕ್ಕೆ ಏರುತ್ತದೆ, ದಪ್ಪದ ಘನಕ್ಕೆ ಇಳಿಯುತ್ತದೆ. ದಪ್ಪ ಎರಡು ಪಟ್ಟಾದರೆ ಅದೇ ವೋಲ್ಟೇಜ್‌ಗೆ ಕರೆಂಟ್ ಎಂಟನೇ ಒಂದು ಭಾಗ, ಟ್ರ್ಯಾಪ್ ಇದ್ದರೆ ಇನ್ನೂ ಕಡಿಮೆ. ನೀವು ಎರಡೂ ಡಿವೈಸ್‌ಗಳನ್ನು ಒಂದೇ ವೋಲ್ಟೇಜ್‌ನಲ್ಲಿ ಹೋಲಿಸಿದ್ದರೆ ಬೆಳಕು ಕುಗ್ಗಿದ್ದರಲ್ಲಿ ದೊಡ್ಡ ಪಾಲು ಇದೇ. ಇದಕ್ಕೆ ‘ಬ್ಯಾಲೆನ್ಸ್ ಹೋಗಿದೆ’ ಅನ್ನುವುದು ಸುಮ್ನೆ ಬಾಯಿಗೆ ಬಂದ ಮಾತು. ಹರಿದದ್ದೇ ಕಡಿಮೆ ಕರೆಂಟ್ ಅಲ್ವಾ?

ಹಾಗಾಗಿ ಮೊದಲು ಕರೆಂಟ್ ಒಂದೇ ಇಟ್ಟು, ಉದಾಹರಣೆಗೆ ಚದರ ಸೆಂಟಿಮೀಟರಿಗೆ 10 ಮಿಲಿಆಂಪ್, ಎರಡರ ಬೆಳಕು ಅಳೆಯಿರಿ. ಆಗಲೂ ವ್ಯತ್ಯಾಸ ಉಳಿದರೆ ಆಪ್ಟಿಕ್ಸೂ ಇರಬಹುದು, ಬ್ಯಾಲೆನ್ಸೂ ಇರಬಹುದು. ಆಮೇಲೆ ಒಂದೇ ಡಿವೈಸ್‌ನ ವೋಲ್ಟೇಜ್ ಏರಿಸುತ್ತಾ ಸ್ಪೆಕ್ಟ್ರಮ್ ತೆಗೆಯಿರಿ. ದಪ್ಪ ಅಷ್ಟೇ ಇರುತ್ತದೆ, ಆದ್ದರಿಂದ ಬಣ್ಣ ಸರಿದರೆ ಬೆಳಕು ಹುಟ್ಟುವ ವಲಯವೇ ಸರಿದಿದೆ ಅಂತ ಅನುಮಾನಿಸಬಹುದು. ಸರಿಯದಿದ್ದರೆ ವಲಯ ಅಲ್ಲೇ ಇದೆ, ಬಣ್ಣಕ್ಕೆ ಕಾರಣ ಕನ್ನಡಿಯ ದೂರ. ಕೊನೆಗೆ ಡಿವೈಸ್ ತಿರುಗಿಸಿ ಓರೆ ಕೋನಗಳಲ್ಲೂ ಅಳೆಯಿರಿ. 120ರಲ್ಲಿ ನೇರಕ್ಕೆ ಕಾಣೆಯಾದ ಹಸಿರು ಓರೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಆದ್ದರಿಂದ ಬರೀ ಮುಂದಿನಿಂದ ಅಳೆದ ಬೆಳಕನ್ನು ಲ್ಯಾಂಬರ್ಟಿಯನ್ (ಯಾವ ಕೋನದಿಂದ ನೋಡಿದರೂ ಒಂದೇ ಪ್ರಕಾಶ) ಅಂತ ನಂಬಿ ಎಫಿಷಿಯೆನ್ಸಿ ಲೆಕ್ಕ ಹಾಕಬೇಡಿ.

ಇದಕ್ಕೆಲ್ಲ ಮೊದಲು ದಪ್ಪವನ್ನೇ ಒಮ್ಮೆ ಪರೀಕ್ಷಿಸಿ. ಪದರ ಹಾಕುವಾಗ ದಪ್ಪ ಅಂದಾಜಿಸುವ ಕ್ವಾರ್ಟ್ಜ್ ಕ್ರಿಸ್ಟಲ್ ಮಾನಿಟರ್ ತೋರಿಸುವುದು ನೀವು ಕೊಟ್ಟ ಸಾಂದ್ರತೆ ಮತ್ತು ಟೂಲಿಂಗ್ ಫ್ಯಾಕ್ಟರ್ (ಮಾನಿಟರ್ ಮೇಲೆ ಬೀಳುವುದಕ್ಕೂ ಸ್ಯಾಂಪಲ್ ಮೇಲೆ ಬೀಳುವುದಕ್ಕೂ ಇರುವ ಅನುಪಾತ) ನಂಬಿದ ಲೆಕ್ಕ ಅಷ್ಟೇ. ಅದು ಶೇಕಡ 15ರಷ್ಟು ತಪ್ಪಿದ್ದರೆ ನಿಮ್ಮ 120 ನಿಜದಲ್ಲಿ 138 ಇರಬಹುದು, ಆಗ ಮೇಲಿನ ಇಂಟರ್‌ಫೆರೆನ್ಸ್ ಲೆಕ್ಕ ಕೂಡುವುದೇ ಇಲ್ಲ. ಪ್ರೊಫೈಲೋಮೀಟರ್ (ಪದರದ ಎತ್ತರ ನೇರವಾಗಿ ಅಳೆಯುವ ಉಪಕರಣ) ಇದ್ದರೆ ಒಂದು ಸ್ಯಾಂಪಲ್ ಅಳೆಸಿ.