ಸತ್ತ ಸೆಲ್‌ಗೂ ಬೆಲೆ ಇದೆಯಾ?

ಪ್ರಶ್ನೆ: ನಮ್ಮದು ಕಾರಟಗಿ ಕಡೆಯ ಹಳ್ಳಿ. ರಾತ್ರಿ ಗದ್ದೆಗೆ ಹೋಗಲು ಟಾರ್ಚ್ ಬೇಕೇ ಬೇಕು. ಸತ್ತ ಸೆಲ್‌ಗಳು ಡಬ್ಬಿ ತುಂಬಿವೆ. ಗುಜರಿಯವರು ಇನ್ವರ್ಟರ್ ಬ್ಯಾಟರಿಗೆ ಒಳ್ಳೆ ದುಡ್ಡು ಕೊಟ್ಟರು, ಇವನ್ನು ಮುಟ್ಟಲೇ ಇಲ್ಲ. ಇದರಲ್ಲಿ ಏನೂ ಇಲ್ವಾ? ಮೊಮ್ಮಗ ಸೆಲ್ ಒಡೆದು ಕಪ್ಪು ಕಡ್ಡಿಯಿಂದ ಗೋಡೆ ಮೇಲೆ ಬರೆಯುತ್ತಾನೆ. ತೊಂದರೆ ಇದೆಯಾ?

ಉತ್ತರ: ಮೊದಲು ಮೊಮ್ಮಗನ ವಿಷಯ. ದಯವಿಟ್ಟು ಒಡೆಯಲು ಬಿಡಬೇಡಿ. ಕಡ್ಡಿ ಬರೀ ಇಂಗಾಲ, ಅದರದ್ದೇನೂ ಭಯವಿಲ್ಲ. ಅದರ ಸುತ್ತಲಿನ ಒದ್ದೆ ಪುಡಿ ಚರ್ಮಕ್ಕೆ ಒಳ್ಳೆಯದಲ್ಲ. ‘ಆಲ್ಕಲೈನ್’ ಎಂದು ಬರೆದ ಸೆಲ್ ಇನ್ನೂ ಕೆಟ್ಟದ್ದು. ಅದರ ಕ್ಷಾರ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಇನ್ನು ಬೆಲೆ. ಖಂಡಿತ ಇದೆ. ಸಾಮಾನ್ಯ ಟಾರ್ಚ್ ಸೆಲ್‌ನ ಒಳಡಬ್ಬಿ ಸತುವಿನದು. ಕಪ್ಪು ಪುಡಿಯಲ್ಲಿ ಜಾಸ್ತಿ ಇರುವುದು ಮ್ಯಾಂಗನೀಸ್. ಸಂಡೂರಿನ ಗುಡ್ಡ ಅಗೆದು ಲಾರಿಗಟ್ಟಲೆ ಸಾಗಿಸುತ್ತಾರಲ್ಲ, ಆ ಅದಿರಿನ ಲೋಹವೇ ಇದು. ನಾನು ಬಳ್ಳಾರಿಯವನು. ಆ ಗುಡ್ಡಗಳು ಬೋಳಾಗುವುದನ್ನು ನೋಡಿದವನಿಗೆ, ಅಷ್ಟು ಕಷ್ಟಪಟ್ಟು ತೆಗೆದ ಲೋಹ ತಿಪ್ಪೆಗೋ ತುಂಗಭದ್ರಾ ಎಡದಂಡೆ ಕಾಲುವೆಗೋ ಬಿದ್ದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಗುಜರಿಯವರು ಯಾಕೆ ಬಿಟ್ಟರು? ಇನ್ವರ್ಟರ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ. ಸೀಸ 327 ಡಿಗ್ರಿಗೇ ಕರಗುತ್ತದೆ. ಸೆಲ್ ಹಾಗಲ್ಲ. ಯಂತ್ರದಲ್ಲಿ ಪುಡಿ ಮಾಡಬೇಕು, ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ಎಳೆಯಬೇಕು, ಉಳಿದ ಕರಿ ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಸತು, ಮ್ಯಾಂಗನೀಸ್ ಬೇರೆ ಮಾಡಬೇಕು. ಒಂದು ಡಬ್ಬಿಗೆ ಈ ಖರ್ಚು ಗಿಟ್ಟುವುದಿಲ್ಲ. ಟನ್‌ಗಟ್ಟಲೆ ಸೇರಿದರೆ ಗಿಟ್ಟುತ್ತದೆ. ಅಂದರೆ ಕಷ್ಟ ಇರುವುದು ಕೂಡಿಹಾಕುವುದರಲ್ಲಿ.

ಅದಕ್ಕೇ 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂತು. ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಈಗ ತಯಾರಕರದ್ದು. ಬೇರೆ ಕಸದ ಜೊತೆ ಬೆರೆಸದೆ ಕೊಡುವ ಹೊಣೆ ನಮ್ಮದು. ನೀವೊಬ್ಬರೇ ಓಡಾಡುವ ಬದಲು ಪಂಚಾಯಿತಿಯ ಕಸ ವಿಲೇವಾರಿ ಘಟಕದವರನ್ನು ಕೇಳಿ, ಊರಿಗೆಲ್ಲ ಒಂದು ಮುಚ್ಚಳದ ಡ್ರಮ್ ಇಡಿಸಿ. ಶಾಲೆಯಲ್ಲಿ ಇಟ್ಟರೆ ಇನ್ನೂ ಬೇಗ ತುಂಬುತ್ತದೆ. ನೋಂದಾಯಿತ ಮರುಬಳಕೆದಾರರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿದೆ.

ಮೊಬೈಲ್ ಬ್ಯಾಟರಿಯನ್ನು ಮಾತ್ರ ಈ ಡಬ್ಬಿಗೆ ಹಾಕಬೇಡಿ. ಅದರಲ್ಲಿ ಲಿಥಿಯಂ, ಕೋಬಾಲ್ಟ್, ತಾಮ್ರ ಇರುತ್ತವೆ, ಬೆಲೆಯೂ ಜಾಸ್ತಿ. ಆದರೆ ಬೆಂಕಿ ಹತ್ತಬಹುದು. ತುದಿಗಳಿಗೆ ಟೇಪ್ ಸುತ್ತಿ ಬೇರೆ ಇಡಿ. ಉಬ್ಬಿದ್ದರೆ ಚುಚ್ಚಬೇಡಿ, ಬಿಸಿಲಿಗೆ ಇಡಬೇಡಿ. ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ, ಮನೆಯ ಹೊರಗೆ, ನೆರಳಲ್ಲಿ ಇಟ್ಟು, ಮೊದಲು ಅದನ್ನೇ ಕಳಿಸಿ.