ಮಲೇರಿಯಾ ಸ್ಪ್ರೇ ಆದ ಗೋಡೆಗೆ ಸುಣ್ಣ ಬಳಿಯಬಹುದಾ?

ಸ್ಪ್ರೇ ಹೊಡೆದು ವಾರ ಆಯ್ತು, ಸೊಳ್ಳೆ ಇನ್ನೂ ಕಚ್ಚುತ್ತಿವೆ, ದೀಪಾವಳಿಗೆ ಒಳಗೋಡೆಗೆ ಸುಣ್ಣ ಬಳಿಯಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಬಳಿದರೆ ಔಷಧಿ ಸುಣ್ಣದ ಅಡಿಗೆ ಹೋಗುತ್ತದೆ, ಹೊಡೆದಿದ್ದೆಲ್ಲ ದಂಡ.

ಈ ಔಷಧಿಯ ಮುಖ್ಯ ಕೆಲಸ ಕಚ್ಚುವುದನ್ನು ತಡೆಯುವುದಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಹೆಣ್ಣು ಸೊಳ್ಳೆ ರಕ್ತ ಕುಡಿದ ಮೇಲೆ ಹೊಟ್ಟೆ ಭಾರವಾಗಿ ಹತ್ತಿರದ ಗೋಡೆ ಮೇಲೆ ಕೂರುತ್ತದೆ. ಆಗ ಕಾಲಿಗೆ ಔಷಧಿ ಅಂಟಿ ಸಾಯುತ್ತದೆ. ರೋಗಿಯಿಂದ ಹೀರಿದ ರೋಗಾಣು ಸೊಳ್ಳೆಯೊಳಗೆ ಬೆಳೆದು ಇನ್ನೊಬ್ಬರಿಗೆ ದಾಟಲು ಸಾಮಾನ್ಯವಾಗಿ 10 ದಿನವಾದರೂ ಬೇಕು. ಅದಕ್ಕೂ ಮೊದಲೇ ಸೊಳ್ಳೆ ಸತ್ತರೆ ಮುಂದಿನವರು ಬಚಾವ್, ಅಲ್ವಾ? 1953ರಲ್ಲಿ ದೇಶದ ತುಂಬಾ ಡಿಡಿಟಿ ಹೊಡೆಯಲು ಶುರು ಮಾಡಿದ್ದೂ ಇದೇ ಲೆಕ್ಕದಲ್ಲಿ. ವರ್ಷಕ್ಕೆ ಕೋಟಿಗಟ್ಟಲೆ ಇದ್ದ ಕೇಸು 60ರ ದಶಕದ ಮಧ್ಯದಲ್ಲಿ ಸುಮಾರು 1 ಲಕ್ಷಕ್ಕೆ ಇಳಿದಿತ್ತು. (ಆಮೇಲೆ ಮತ್ತೆ ಏರಿತು, ಅದು ಬೇರೆ ಕಥೆ.)

ನಮ್ಮಜ್ಜಿ ಸ್ಪ್ರೇಯವರು ಬೀದಿ ದಾಟುವ ಮೊದಲೇ ಸಗಣಿ ಕಲಸುತ್ತಿದ್ದರು, ಗೋಡೆ ತುಂಬಾ ಬಿಳಿ ಕಲೆ ಅಂತ! ನೀವು ಎರಡೂವರೆ, ಮೂರು ತಿಂಗಳು ಒಳಗೋಡೆ ತೊಳೆಯಬೇಡಿ, ಸಾರಿಸಬೇಡಿ. ಹಬ್ಬಕ್ಕೆ ಹೊರಗೋಡೆಗೆ ಮಾತ್ರ ಬಳಿಯಿರಿ. ಕಚ್ಚುವ ಕಾಟಕ್ಕೆ ರಾತ್ರಿ ಸೊಳ್ಳೆ ಪರದೆ ಕಟ್ಟಿ.